ಹನ್ನೊಂದನೇ ತಿರುವಿನ ಸೈಕಲ್ಲು

“ಇದು ಬಿದ್ದ ಸೈಕಲ್ ಅಲ್ಲ ಮೇಡಂ,” ಅಂದಳು ರಿಪೇರಿ ಅಕ್ಕ. “ಯಾರೋ ತಂದು ಹಾಕಿದ ಸೈಕಲ್ಲು.”

ಇನ್ಸ್‌ಪೆಕ್ಟರ್ ಬಾಯಿಗೆ ಒಯ್ಯುತ್ತಿದ್ದ ಟೀ ಲೋಟವನ್ನು ಅರ್ಧದಲ್ಲೇ ತಡೆದಳು. ಅಲ್ಲಿಯವರೆಗೆ ಅವಳ ತಲೆಯಲ್ಲಿ ಇದ್ದದ್ದು ಒಂದೇ ಚಿತ್ರ. ಕಡಿದಾದ ಏರು, ಜಾರುವ ಜಲ್ಲಿ, ಒಂದು ಕ್ಷಣ ಮೈಮರೆತ ಸವಾರ, ಕೆಳಗೆ ಬಾಯಿ ತೆರೆದುಕೊಂಡ ಕೊರಕಲು. ಇಲಾಖೆಯವರಿಗೂ ಅದೇ ಚಿತ್ರ, ಊರಿನವರಿಗೂ ಅದೇ. ಈಗ ಈ ಹೆಂಗಸು ಒಂದೇ ಮಾತಿನಲ್ಲಿ ಅದನ್ನು ಅಳಿಸಿ ಕೂತಿದ್ದಳು.

ಅಕ್ಕನ ತಮ್ಮ, ಊರೆಲ್ಲ ‘ಜಲ್ಲಿ’ ಎಂದು ಕರೆಯುವ ದಾರಿಗಾರ, ಹೊಸ ಮಾರ್ಗವೊಂದನ್ನು ನೋಡಿಕೊಂಡು ಬರುತ್ತೇನೆಂದು ಬೆಟ್ಟದ ಕಾಡಿಗೆ ಹೋಗಿ ಇವತ್ತಿಗೆ ಮೂರು ದಿನ. ನಿನ್ನೆ ಮಧ್ಯಾಹ್ನ ಹನ್ನೊಂದನೇ ತಿರುವಿನ ಕೊರಕಲಿನಲ್ಲಿ ಸೈಕಲ್ ಸಿಕ್ಕಿತ್ತು, ಅವನು ಸಿಕ್ಕಿರಲಿಲ್ಲ.

ದಾರಿಗಾರ ಎಂದರೆ ಇನ್ನೇನೂ ಅಲ್ಲ. ಆ ಬೆಟ್ಟಸಾಲಿನ ತುಂಬ ಹಿಂದೆ ಮರ ಸಾಗಿಸುತ್ತಿದ್ದ ಲಾರಿಗಳ ಹಾದಿ, ಕಲ್ಲು ಹೊರುತ್ತಿದ್ದ ಹಾದಿ, ಬೆಂಕಿ ಕಾಯುವವರ ಹಾದಿ, ಹೀಗೆ ನೂರೆಂಟು ಜಲ್ಲಿ ಹಾದಿಗಳು ಹುಲ್ಲು ಮುಚ್ಚಿಕೊಂಡು ಮಲಗಿದ್ದವು. ಅವನ್ನೆಲ್ಲ ಹುಡುಕಿ, ಒಂದಕ್ಕೊಂದು ಹೊಲಿದು, ಅಳೆದು, ಸೈಕಲ್ ಸವಾರರಿಗೆ ನಕ್ಷೆ ಬರೆದು ಕೊಡುವುದು ಜಲ್ಲಿಯ ಕಸುಬು. ಇನ್ನು ಎರಡು ವಾರಕ್ಕೆ ನಾನೂರು ಮಂದಿ ಅವನ ನಕ್ಷೆ ಹಿಡಿದು ಆ ಕಾಡಿಗೆ ಇಳಿಯುವವರಿದ್ದರು.

“ತಂದು ಹಾಕಿದ್ದು ಅಂತ ಹೆಂಗೆ ಹೇಳ್ತೀರಿ?” ಎಂದಳು ಇನ್ಸ್‌ಪೆಕ್ಟರ್.

ಅಕ್ಕ ಉತ್ತರ ಕೊಡುವ ಬದಲು ಸ್ಟೂಲನ್ನು ಎಳೆದು ಸೈಕಲ್ಲಿನ ಹಿಂಬದಿಗೆ ಹಾಕಿದಳು, ಕೂತ್ಕೊಳ್ಳಿ ಎಂಬಂತೆ. ಅಂಗಡಿ ಎಂದರೆ ಎರಡು ಕಾರು ನಿಲ್ಲಬಹುದಾದಷ್ಟು ಜಾಗ. ಗೋಡೆಗೆ ಗಾತ್ರದ ಪ್ರಕಾರ ನೇತುಹಾಕಿದ ಪಾನಾಗಳು, ಮಾಡಿನಿಂದ ಇಳಿಬಿದ್ದ ಟೈರುಗಳು, ಹಳೇ ಬಿಸ್ಕತ್ತಿನ ಡಬ್ಬಿಗಳ ತುಂಬ ಬೋಲ್ಟು ನಟ್ಟು. ರಬ್ಬರ್ ಸಲ್ಯೂಷನ್ನಿನ ವಾಸನೆ ಮೂಗಿಗೆ ಅಡರುತ್ತಿತ್ತು. ಹಿಂದಿನ ಅಂಗಳದಲ್ಲಿ ಯಾರೋ ಪೈಪು ಹಿಡಿದು ಗಾಡಿ ತೊಳೆಯುವ ಸದ್ದು.

ಇನ್ಸ್‌ಪೆಕ್ಟರ್‌ಗೆ ಸೈಕಲ್ ಎಂದರೆ ಅಷ್ಟಕ್ಕಷ್ಟೇ. ಪೆಡಲಿಗೂ ಬ್ರೇಕಿಗೂ ವ್ಯತ್ಯಾಸ ಗೊತ್ತು, ಅದರಾಚೆ ಕೇಳಬೇಡಿ. ಅದಕ್ಕೇ ಬೆಳಿಗ್ಗೆ ಠಾಣೆಯಿಂದ ಈ ಸೈಕಲ್ಲನ್ನು ಜೀಪಿನಲ್ಲಿ ಹಾಕಿಕೊಂಡು ಇಲ್ಲಿಗೆ ತಂದಿದ್ದಳು. ಆ ಊರಿನಲ್ಲಿ ಸೈಕಲ್ಲಿನ ನಾಡಿ ಹಿಡಿದು ಹೇಳಬಲ್ಲವಳು ಇವಳೊಬ್ಬಳೇ. ಕಾಣೆಯಾದವನ ಅಕ್ಕನ ಕೈಯಲ್ಲೇ ಸಾಕ್ಷಿ ಕೊಡುವುದು ಸರಿಯೇ ಎಂಬ ಪ್ರಶ್ನೆ ಬಾರದೆ ಇರಲಿಲ್ಲ. ಆದರೆ ಪಟ್ಟಣದಿಂದ ತಜ್ಞರನ್ನು ಕರೆಸಲು ನಾಲ್ಕು ದಿನ ಬೇಕಿತ್ತು, ಜಲ್ಲಿಯ ಬಳಿ ನಾಲ್ಕು ದಿನ ಇರಲಿಲ್ಲ.

ಹೋಗುವಾಗ ಅವನು ಎರಡು ಬಾಟಲಿ ನೀರು, ಒಂದು ತೆಳು ಜಾಕೆಟ್ಟು ಬಿಟ್ಟು ಬೇರೇನೂ ಒಯ್ದಿರಲಿಲ್ಲ. ಎರಡು ರಾತ್ರಿಗಳಿಂದ ಮೇಲೆ ಹಿಮ ಕಟ್ಟುತ್ತಿತ್ತು. ಹುಡುಕುವ ತಂಡದ ಜೊತೆಗಿದ್ದ ಅರಣ್ಯದ ರೇಂಜರ್ ಮುಚ್ಚುಮರೆಯಿಲ್ಲದೆ ಹೇಳಿದ್ದ, ಇವತ್ತು ಸಂಜೆಯೊಳಗೆ ಸಿಕ್ಕಿದರೆ ಮನುಷ್ಯ, ನಾಳೆ ಸಿಕ್ಕಿದರೆ ಹೆಣ ಎಂದು. ಈಗ ಮೂರು ಗಂಟೆ. ಬೆಳಕು ಇನ್ನು ಹೆಚ್ಚೆಂದರೆ ಮೂರು ತಾಸು. ಪೊಲೀಸರು, ಅರಣ್ಯದವರು, ಊರಿನ ಸೈಕಲ್ ಕ್ಲಬ್ಬಿನವರು ಸೇರಿ ನಲವತ್ತು ಮಂದಿ ಆ ಕೊರಕಲನ್ನು ಗೆಬರುತ್ತಿದ್ದರು.

ಸೈಕಲ್ ಅಲ್ಲಿ ಬಿದ್ದದ್ದೇ ಸುಳ್ಳಾದರೆ ಆ ನಲವತ್ತು ಮಂದಿ ಹುಡುಕುತ್ತಿರುವುದು ತಪ್ಪು ಜಾಗದಲ್ಲಿ. ಆ ಯೋಚನೆ ಬಂದೊಡನೆ ಇನ್ಸ್‌ಪೆಕ್ಟರ್ ಲೋಟ ಕೆಳಗಿಟ್ಟಳು.

ಅಕ್ಕ ಹಿಂದಿನ ಚಕ್ರದ ನಡುವೆ ಬೆರಳಿಟ್ಟು ತೋರಿಸಿದಳು. ಅಲ್ಲಿ ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಹಲ್ಲುಗಳಿರುವ ಹತ್ತು ಚಕ್ರಗಳು. ಏರು ಹತ್ತುವಾಗ ಚೈನು ದೊಡ್ಡದರ ಮೇಲಿರಬೇಕು, ಕಾಲಿಗೆ ಹಗುರ. ಚಪ್ಪಟೆ ರಸ್ತೆಯಲ್ಲಿ ಹಾರಿಸುವಾಗ ಚಿಕ್ಕದು. ಹನ್ನೊಂದನೇ ತಿರುವು ಆ ಬೆಟ್ಟದಲ್ಲೇ ಅತಿ ಕಡಿದು, ಎಂಥ ಗಟ್ಟಿ ಸವಾರನಿಗೂ ಅಲ್ಲಿ ನಾಲಿಗೆ ಹೊರಬರುತ್ತದೆ. ಅಂಥ ಕಡೆ ಸಿಕ್ಕ ಸೈಕಲ್ಲಿನ ಚೈನು ಅತಿ ಚಿಕ್ಕ ಚಕ್ರದ ಮೇಲಿತ್ತು.

ಇಳಿಯುವಾಗ ಬಿದ್ದಿರಬಹುದಲ್ಲ ಎಂದು ಕೇಳಿದಳು ಇನ್ಸ್‌ಪೆಕ್ಟರ್. ಮಧ್ಯದಲ್ಲೇ ಸಾಕಾಗಿ ತಿರುಗಿ ಬಂದಿರಬಹುದು.

ಮೂರು ದಿನದಲ್ಲಿ ಮೊದಲ ಸಲ ಅಕ್ಕನ ತುಟಿಯ ಅಂಚು ಸ್ವಲ್ಪ ಸಡಿಲವಾಯಿತು. ತನ್ನ ತಮ್ಮ ಏರನ್ನು ಅರ್ಧಕ್ಕೆ ಬಿಟ್ಟು ತಿರುಗುವ ಜಾತಿಯವನೇ ಅಲ್ಲವಂತೆ. ಒಮ್ಮೆ ಒಳ್ಳೆ ಕಂಪನಿಯೊಂದರ ಇಂಟರ್‌ವ್ಯೂಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಟವನು, ದಾರಿಯಲ್ಲಿ ಕಂಡಿರದ ಒಂದು ಏರು ಕಂಡು ಅದರ ತುದಿ ನೋಡಿಕೊಂಡೇ ಹೋಗೋಣವೆಂದು ಹತ್ತಿದನಂತೆ. ಅವನು ಇಳಿಯುವ ಹೊತ್ತಿಗೆ ಆ ಕೆಲಸಕ್ಕೆ ಬೇರೆಯವರು ಸೇರಿ ಊಟ ಮುಗಿಸಿದ್ದರು.

“ಅದು ಬಿಡಿ, ಇದನ್ನ ನೋಡಿ,” ಎಂದು ಹಿಂದಿನ ಚಕ್ರವನ್ನು ಜೋರಾಗಿ ತಿರುಗಿಸಿದಳು.

ಚಕ್ರ ಎರಡು ಸುತ್ತು ಸುತ್ತಿ, ಉಸ್ ಉಸ್ ಎಂದು ಎಲ್ಲಿಗೋ ಉಜ್ಜಿಕೊಂಡು ನಿಂತಿತು. ಟೈರು ಚೌಕಟ್ಟಿನ ಎಡಗಡೆಗೆ ತಾಗುತ್ತಿತ್ತು. ಬಿದ್ದ ಹೊಡೆತಕ್ಕೆ ಸೊಟ್ಟಗಾಗಿರಬಹುದು ಎಂದು ಇನ್ಸ್‌ಪೆಕ್ಟರ್ ಬಾಯಿ ತೆರೆಯುವ ಮೊದಲೇ ಅಕ್ಕ ಚಕ್ರದ ನಡುವಿನ ಹಿಡಿಯನ್ನು ಬಿಚ್ಚಿ, ಚಕ್ರವನ್ನು ಸರಿಯಾಗಿ ಕೂರಿಸಿ, ಮತ್ತೆ ಬಿಗಿದು ತಿರುಗಿಸಿದಳು. ಈ ಸಲ ಅದು ಗಿರ್ರನೆ ತಿರುಗಿತು, ನಿಲ್ಲುವ ಲಕ್ಷಣವೇ ಇಲ್ಲ. ಚಕ್ರ ಎಳ್ಳಷ್ಟೂ ಬಾಗಿರಲಿಲ್ಲ.

ಅರ್ಥ ಇಷ್ಟೇ. ಯಾರೋ ಹಿಂದಿನ ಚಕ್ರವನ್ನು ಬಿಚ್ಚಿದ್ದಾರೆ, ಮತ್ತೆ ಸೊಟ್ಟಗೆ ಹಾಕಿದ್ದಾರೆ. ಹಾಕಿದ ಮೇಲೆ ಆ ಸೈಕಲ್ ಹತ್ತಡಿಯೂ ಓಡಿಲ್ಲ, ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಚೈನು ಚಿಕ್ಕ ಚಕ್ರಕ್ಕೆ ಬಂದದ್ದೂ ಅದಕ್ಕೇ. ಕಸುಬು ಕಲಿತವರು ಹಿಂದಿನ ಚಕ್ರ ತೆಗೆಯುವ ಮೊದಲು ಚೈನನ್ನು ಚಿಕ್ಕದಕ್ಕೆ ಇಳಿಸುತ್ತಾರೆ, ಆಗ ಚಕ್ರ ಬೆಣ್ಣೆಯಂತೆ ಹೊರಗೆ ಬರುತ್ತದೆ. ಗೊತ್ತಿಲ್ಲದವರು ಹಾಗೇ ಎಳೆದಾಡಿ ಕೈಗೆ ಮಸಿ ಮಾಡಿಕೊಳ್ಳುತ್ತಾರೆ. ಈ ಕೆಲಸ ಮಾಡಿದವನು ಕೊಲೆಗಾರನೋ ಕಳ್ಳನೋ, ಅಂಥ ಆತುರದಲ್ಲೂ ಕಲಿತ ಕೈ ತನ್ನ ಪಾಡಿಗೆ ತಾನು ಗೇರು ಇಳಿಸಿಬಿಟ್ಟಿತ್ತು.

“ಬಿಚ್ಚೋವಾಗ ಕೈ ಸರಿ ಇತ್ತು,” ಅಂದಳು ಅಕ್ಕ. “ಹಾಕೋವಾಗ ನಡುಗ್ತಿತ್ತು.”

ಚಕ್ರ ಯಾಕೆ ಬಿಚ್ಚಬೇಕು ಎಂದು ಇನ್ಸ್‌ಪೆಕ್ಟರ್ ಕೇಳಿದಳು. ಗಾಡಿಯೊಳಗೆ ತುಂಬಿಸಲು, ಬೇರೇನಕ್ಕೆ ಎಂದಳು ಅಕ್ಕ. ಲಾರಿ, ಜೀಪಾದರೆ ಇಡೀ ಸೈಕಲ್ ಹಿಡಿಯುತ್ತದೆ. ಬಿಚ್ಚಬೇಕಾದದ್ದು ಚಿಕ್ಕ ಗಾಡಿಗೆ.

ಅಷ್ಟು ಹೇಳಿದವಳು ಥಟ್ಟನೆ ಬಾಯಿ ಮುಚ್ಚಿಕೊಂಡಳು. ಅವಳ ಕಣ್ಣು ಅಂಗಳದ ಬಾಗಿಲ ಕಡೆ ಹೋಗಲಿಲ್ಲ. ಹೋಗದಂತೆ ಅವಳು ಕಷ್ಟಪಟ್ಟು ತಡೆದುಕೊಂಡಂತಿತ್ತು. ಇಪ್ಪತ್ತೆರಡು ವರ್ಷ ಖಾಕಿ ತೊಟ್ಟ ಇನ್ಸ್‌ಪೆಕ್ಟರ್‌ಗೆ ಜನ ನೋಡುವ ಕಡೆಗಿಂತ ನೋಡದ ಕಡೆಯ ಮೇಲೆ ಹೆಚ್ಚು ನಂಬಿಕೆ.

ಅಂಗಳದಲ್ಲಿ ನೀರಿನ ಸದ್ದು ನಿಂತಿತ್ತು.

ಅವಳು ಎದ್ದು ಸೈಕಲ್ಲಿನ ಸುತ್ತ ಒಂದು ಸುತ್ತು ಬಂದಳು. ಹ್ಯಾಂಡಲಿನ ಮೇಲೆ ಒಣಗಿದ ಎಲೆಯ ಕಪ್ಪು ಗೊಬ್ಬರ, ಸೀಟಿನ ಮೇಲೆ ಪಾಚಿ ಗೀಚಿದ ಗುರುತು, ಬಾಟಲಿ ಸಿಕ್ಕಿಸುವ ಕಡೆ ಮಣ್ಣು. ಇಡೀ ಸೈಕಲ್ ಕೊಳಕು. ಆದರೆ ಚೈನು ಮಾತ್ರ ಹೊಸ ಸರದ ಹಾಗೆ ಹೊಳೆಯುತ್ತಿತ್ತು.

ಬೆಳಿಗ್ಗೆ ಬಿಟ್ಟು ಹೋಗುವಾಗ ಅವಳು ಒಂದು ಮಾತು ಎರಡು ಸಲ ಹೇಳಿದ್ದಳು, ನಾನು ಬರುವವರೆಗೆ ಇದನ್ನು ಯಾರೂ ಮುಟ್ಟಬಾರದು ಎಂದು.

“ಚೈನು ಒರೆಸಿದ್ದು ಯಾರು?”

“ನಾನೇ.” ಅಕ್ಕ ತಲೆ ಎತ್ತಲಿಲ್ಲ. “ಕೈ ಸುಮ್ನಿರಲಿಲ್ಲ ಮೇಡಂ. ಮೂವತ್ತು ವರ್ಷದ ಚಾಳಿ. ಕೊಳೆ ಚೈನು ಕಣ್ಣಿಗೆ ಬಿದ್ರೆ ಬಟ್ಟೆ ತಾನಾಗೇ ಕೈಗೆ ಬರುತ್ತೆ.”

ಇನ್ಸ್‌ಪೆಕ್ಟರ್‌ಗೆ ರೇಗಿಹೋಯಿತು. ಸಾಕ್ಷಿ ಅಳಿಸಿದವರಿಗೆ ಏನಾಗುತ್ತದೆ ಗೊತ್ತೇ ಎಂದು ದನಿ ಏರಿಸಿ ಕೇಳಿದಳು. ಗೊತ್ತು ಎಂದಳು ಅಕ್ಕ. ಒರೆಸಿದ ಬಟ್ಟೆ ಎಲ್ಲಿ ಎಂದಳು ಇನ್ಸ್‌ಪೆಕ್ಟರ್. ಅಕ್ಕನ ಕೈ ಏಪ್ರನ್ನಿನ ಜೇಬನ್ನು ಮುಚ್ಚಿಕೊಂಡಿತು.

ಇಬ್ಬರ ನಡುವೆ ಆ ಸೈಕಲ್ಲು ಸ್ಟ್ಯಾಂಡಿಗೆ ಕಚ್ಚಿಕೊಂಡು ನಿಂತಿತ್ತು. ಗಡಿಯಾರ ಮೂರೂ ಇಪ್ಪತ್ತು ತೋರಿಸುತ್ತಿತ್ತು. ಇನ್ಸ್‌ಪೆಕ್ಟರ್ ಕೋಪ ನುಂಗಿಕೊಂಡು ದನಿ ಇಳಿಸಿದಳು. ನಾನು ನಿಮ್ಮನ್ನು ಹಿಡಿಯೋಕೆ ಬಂದಿಲ್ಲ, ನಿಮ್ಮ ತಮ್ಮನನ್ನು ಎಲ್ಲಿ ಹುಡುಕಬೇಕು ಎಂದು ಕೇಳೋಕೆ ಬಂದಿದ್ದೇನೆ ಎಂದಳು. ಆ ಬಟ್ಟೆಯಲ್ಲಿ ಅದು ಬರೆದಿದ್ದರೆ, ನೀವು ಅದನ್ನು ಬಚ್ಚಿಟ್ಟಷ್ಟು ಹೊತ್ತೂ ಅವನ ಆಯುಸ್ಸೇ ಕಡಿಮೆಯಾಗುತ್ತದೆ ಎಂದಳು.

ತಾಯಿ ಸತ್ತಾಗ ಆ ತಮ್ಮನಿಗೆ ನಾಲ್ಕು ವರ್ಷ, ಅಕ್ಕನಿಗೆ ಹದಿನಾರು. ಎತ್ತಿ ಆಡಿಸಿದ್ದು, ಸ್ಕೂಲಿಗೆ ಕಳಿಸಿದ್ದು, ಸೈಕಲ್ ಕಲಿಸಿದ್ದು ಎಲ್ಲ ಅವಳೇ. ಇನ್ನೊಂದು ಕಡೆ, ಹಿಂದಿನ ಅಂಗಳದಲ್ಲಿ ಗಾಡಿ ತೊಳೆಯುತ್ತಿದ್ದ, ಹನ್ನೊಂದು ವರ್ಷ ಒಂದೇ ತಟ್ಟೆಯಲ್ಲಿ ಕೈ ಹಾಕಿದ ಗಂಡ. ಎರಡೂ ಅವಳ ಜೀವವೇ. ಕೊನೆಗೆ ಏಪ್ರನ್ನಿನ ಜೇಬಿಗೆ ಕೈ ಹಾಕಿ ಮಡಿಸಿದ ನೀಲಿ ಬಟ್ಟೆಯೊಂದನ್ನು ತೆಗೆದು ಮೇಜಿನ ಮೇಲಿಟ್ಟಳು. ಇಟ್ಟ ಮೇಲೆ ಕೈಯನ್ನು ಸೀರೆಗೆ ಒರೆಸಿಕೊಂಡಳು, ಸುಟ್ಟುಕೊಂಡವರ ಹಾಗೆ.

ಬಟ್ಟೆ ಬಿಚ್ಚಿದರೆ ಗ್ರೀಸಿನ ಕಪ್ಪಿನಲ್ಲಿ ಬಿಳಿ ಪುಡಿ ಕಲಸಿಕೊಂಡಿತ್ತು. ನುಣ್ಣಗೆ, ಹಿಟ್ಟಿನಂತೆ.

ಹನ್ನೊಂದನೇ ತಿರುವಿನಲ್ಲಿ ಇರುವುದು ಬರೀ ಕಪ್ಪು ಮಣ್ಣು. ಅಂಥ ಬಿಳಿ ಕಲ್ಲಿನ ಪುಡಿ ಆ ಇಡೀ ಬೆಟ್ಟದಲ್ಲಿ ಒಂದೇ ಕಡೆ, ಎರಡು ವರ್ಷದ ಹಿಂದೆ ಮುಚ್ಚಿದ ಕಲ್ಲಿನ ಕ್ವಾರಿಯಲ್ಲಿ. ಅದು ಗುಡ್ಡದ ಆ ಮಗ್ಗುಲು.

“ನಿನ್ನೆ ಬೆಳಿಗ್ಗೆ ನಮ್ಮ ವ್ಯಾನಿನ ಚಕ್ರಕ್ಕೂ ಇದೇ ಪುಡಿ ಹತ್ತಿತ್ತು,” ಅಂದಳು ಅಕ್ಕ. ಅಷ್ಟು ಹೇಳಿ ಸ್ಟೂಲಿನ ಮೇಲೆ ಕುಸಿದು ಕೂತಳು.

ಅಂಗಳದಲ್ಲಿ ನಿಂತಿದ್ದ ವ್ಯಾನಿಗೆ ಸವಾರರು ‘ಶರಣಾಗತಿ’ ಎಂದು ಹೆಸರಿಟ್ಟಿದ್ದರು. ಏರು ಹತ್ತಲಾರದೆ ಕೈಚೆಲ್ಲಿದವರನ್ನು, ಅವರ ಸೈಕಲ್ ಸಮೇತ, ಎತ್ತಿಕೊಂಡು ಬರುವ ಗಾಡಿ ಅದು. ಚಿಕ್ಕ ಗಾಡಿ, ಒಳಗೆ ಸೀಟುಗಳು, ಹಿಂದೆ ತುಸುವೇ ಜಾಗ. ಸೈಕಲ್ ಸೇರಬೇಕೆಂದರೆ ಹಿಂದಿನ ಚಕ್ರ ಬಿಚ್ಚಲೇಬೇಕು. ಅಕ್ಕನ ಗಂಡ ಅದರ ಪಕ್ಕ ಪೈಪು ಹಿಡಿದು ನಿಂತಿದ್ದ. ಪೈಪಿನಲ್ಲಿ ನೀರಿರಲಿಲ್ಲ. ಮೂರನೇ ಸಲ ತೊಳೆದ ಗಾಡಿ ಬಿಸಿಲಿಗೆ ಮಿಂಚುತ್ತಿತ್ತು.

ದಪ್ಪ ಮೈಯ, ಮಾತು ಕಡಿಮೆಯ ಮನುಷ್ಯ. ಮದುವೆಗೆ ಮೊದಲು ಅದೇ ಕ್ವಾರಿಯ ಲಾರಿ ಓಡಿಸುತ್ತಿದ್ದವನು. ಎರಡು ದಿನದಿಂದ ಹುಡುಕುವವರಿಗೆ ನೀರು, ಬ್ರೆಡ್ಡು ಹೊತ್ತು ಹಾಕಿದವನೂ ಅವನೇ. ಇನ್ಸ್‌ಪೆಕ್ಟರ್ ಅವನನ್ನು ಒಂದು ಸಲವೂ ಅನುಮಾನಿಸಿರಲಿಲ್ಲ. ಅದಕ್ಕಾಗಿ ಈಗ ತನ್ನ ಮೇಲೇ ಸಿಟ್ಟು ಬಂತು.

ನಿನ್ನೆ ಬೆಳಿಗ್ಗೆ ಎಲ್ಲಿದ್ದಿರಿ ಎಂದು ಕೇಳಿದಳು. ಮನೆಯಲ್ಲೇ ಎಂದ. ವ್ಯಾನು? ಅದೂ ಮನೆಯಲ್ಲೇ. ಕ್ವಾರಿ ಕಡೆ ಹೋಗಿರಲಿಲ್ಲವೇ? ಆ ಕಡೆ ತಲೆ ಹಾಕಿ ವರ್ಷವಾಯಿತು ಎಂದ. ಪಾಠ ಒಪ್ಪಿಸುವ ಹಾಗೆ ಒಂದರ ಹಿಂದೆ ಒಂದು ಸುಳ್ಳು, ತುಟಿ ಮಾತ್ರ ಒಣಗುತ್ತಿತ್ತು.

ಅಷ್ಟರಲ್ಲಿ ಅಕ್ಕ ಬಾಗಿಲಿಗೆ ಬಂದು ನಿಂತಳು. ಕೈಯಲ್ಲಿ ಆ ನೀಲಿ ಬಟ್ಟೆ.

“ರೀ,” ಅಂದಳು. “ಚಕ್ರ ಸೊಟ್ಟಗೆ ಹಾಕಿದ್ರಿ.”

ಅಷ್ಟೇ. ಬೈಗುಳವಿಲ್ಲ, ಕೂಗಾಟವಿಲ್ಲ. ಗಂಡನ ಕೈಯಿಂದ ಪೈಪು ಜಾರಿ ಬಿತ್ತು. ಅವನು ವ್ಯಾನಿನ ಮೆಟ್ಟಿಲ ಮೇಲೆ ಕೂತು ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡ.

“ನಾನು ಅವನಿಗೆ ಏನೂ ಮಾಡಿಲ್ಲ ಕಣೇ. ದೇವರಾಣೆ. ಅವನೇ ಫೋನ್ ಮಾಡಿದ್ದು.”

“ಯಾರು?”

“ನಿನ್ನ ತಮ್ಮ. ನಿನ್ನೆ ಬೆಳಿಗ್ಗೆ ಆರು ಗಂಟೆಗೆ.”

ಅಕ್ಕ ಬಾಗಿಲಿನ ಚೌಕಟ್ಟು ಹಿಡಿದುಕೊಂಡಳು. ಜಲ್ಲಿಯ ಮೊಬೈಲು ಮೊದಲ ದಿನದಿಂದಲೇ ಬಂದ್ ಆಗಿತ್ತು, ಅದನ್ನು ಇನ್ಸ್‌ಪೆಕ್ಟರೇ ದಿನಕ್ಕೆ ಹತ್ತು ಸಲ ಪರೀಕ್ಷಿಸುತ್ತಿದ್ದಳು. ಯಾವ ಫೋನಿನಿಂದ ಎಂದು ಕೇಳಿದಳು. ಕ್ವಾರಿ ಆಫೀಸಿನ ಹಳೇ ಫೋನಿನಿಂದ ಎಂದ. ಕ್ವಾರಿ ಮುಚ್ಚಿದರೂ ಆ ಲೈನು ಕತ್ತರಿಸುವುದನ್ನು ಎಲ್ಲರೂ ಮರೆತಿದ್ದರಂತೆ. ಅಲ್ಲಿ ದುಡಿದವನಾದ್ದರಿಂದ ನಂಬರು ನೋಡಿದ ಕೂಡಲೇ ಅವನಿಗೆ ಗುರುತು ಸಿಕ್ಕಿತ್ತು.

ಜಲ್ಲಿ ಪಿಸುಮಾತಿನಲ್ಲಿ ಹೇಳಿದ್ದು ಇಷ್ಟು. ಕ್ವಾರಿಯ ಹಿಂದಿನ ಗೇಟಿನ ಬಳಿ ಪೊದೆಯಲ್ಲಿ ತನ್ನ ಸೈಕಲ್ ಇದೆ. ಅದನ್ನು ತಗೊಂಡು ಹೋಗಿ ಹನ್ನೊಂದನೇ ತಿರುವಿನ ಕೊರಕಲಿಗೆ ತಳ್ಳಬೇಕು. ಯಾರಿಗೂ ಹೇಳಬಾರದು, ಅಕ್ಕನಿಗಂತೂ ಹೇಳಲೇಬಾರದು, ಅವಳಿಗೆ ಮುಖದಲ್ಲಿ ಸುಳ್ಳು ನಿಲ್ಲುವುದಿಲ್ಲ.

“ಅವನು ಹೇಳಿದ, ನೀವು ಮಾಡಿದ್ರಿ,” ಅಂದಳು ಅಕ್ಕ. ಈಗ ಅವಳ ದನಿ ಏರಿತು. “ಎರಡು ದಿನದಿಂದ ನಾನು ನೀರೂ ಇಳಿಯದೆ ಕೂತಿದ್ದು ಕಾಣಿಸ್ಲಿಲ್ವಾ ನಿಮಗೆ? ಬದುಕಿದಾನೆ ಕಣೇ ಅಂತ ಒಂದು ಮಾತು ನನ್ನ ಕಿವೀಲಿ ಹೇಳೋಕಾಗ್ಲಿಲ್ವಾ?”

ಗಂಡ ತಲೆಯೆತ್ತಿದ. ಅವನ ಕಣ್ಣು ತುಂಬಿತ್ತು.

“ಹನ್ನೊಂದು ವರ್ಷದಿಂದ ಅವನು ನನ್ನ ಡ್ರೈವರೇ ಅಂತಲೇ ಕರೀತಿದ್ದ. ಮನೇಗೆ ಬಂದೋರ ಎದುರಿಗೂ ಡ್ರೈವರೇ. ನಿನ್ನೆ ಭಾವಾ ಅಂದ ಕಣೇ. ಭಾವಾ, ನಿಮ್ಮನ್ನ ಬಿಟ್ಟು ನನಗೆ ಯಾರಿದಾರೆ ಅಂದ. ನನಗೆ ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ.”

ಅಕ್ಕನ ಸಿಟ್ಟು ಎಲ್ಲಿ ಹೋಯಿತೋ. ಅವಳು ಹೋಗಿ ಅವನ ಪಕ್ಕದಲ್ಲಿ ಕೂತಳು, ಮುಟ್ಟಲಿಲ್ಲ, ಸುಮ್ಮನೆ ಕೂತಳು.

ಆದರೆ ಇನ್ಸ್‌ಪೆಕ್ಟರ್‌ಗೆ ಅದನ್ನು ನೋಡುತ್ತ ನಿಲ್ಲುವ ಹೊತ್ತೇ ಅದು? ಜಲ್ಲಿ ಬದುಕಿದ್ದಾನೆ, ಇಲ್ಲವೇ ನಿನ್ನೆ ಬೆಳಿಗ್ಗೆ ಆರರವರೆಗೆ ಬದುಕಿದ್ದ. ಜಾಗ ಗೊತ್ತಾಗಿದೆ. ನಲವತ್ತು ಮಂದಿ ಗುಡ್ಡದ ಈ ಮಗ್ಗುಲಲ್ಲಿ ವೃಥಾ ಮಣ್ಣು ಕೆದಕುತ್ತಿದ್ದಾರೆ. ಅವಳು ಬೆಲ್ಟಿನಿಂದ ವೈರ್‌ಲೆಸ್ ಕಿತ್ತುಕೊಂಡಳು.

“ಮೇಡಂ, ಇನ್ನೊಂದು ಮಾತು ಹೇಳಿದ್ದ ಅವನು,” ಎಂದು ಗಂಡ ಎದ್ದು ನಿಂತ.

ಗಾಡಿಯಲ್ಲಿ ಹೇಳಿ ಎಂದು ಅವನತ್ತ ಕೈ ಬೀಸಿ ಅವಳು ಗುಂಡಿ ಒತ್ತಿದಳು. ಆ ತಿರುವಿನಲ್ಲಿ ತಂಡದ ಜೊತೆಗಿದ್ದವನು ಅವಳ ನೆಚ್ಚಿನ ಹೆಡ್ ಕಾನ್‌ಸ್ಟೇಬಲ್, ಊರಿಗೆಲ್ಲ ಹೆಡ್ಡಣ್ಣ.

“ಹೆಡ್ಡಣ್ಣ, ಕೇಳಿಸ್ತಿದೆಯಾ? ಜಲ್ಲಿ ಬದುಕಿದಾನೆ. ಹಳೇ ಕ್ವಾರಿ ಆಫೀಸಲ್ಲಿದಾನೆ. ಅಲ್ಲಿ ಕೆಲಸ ನಿಲ್ಲಿಸಿ ಎಲ್ಲರೂ ಆ ಕಡೆ ಹೊರಡಿ. ನಾನೂ ಬರ್ತಿದೀನಿ.”

ಕೇಳಿಸಿತು ಮೇಡಂ ಎಂಬ ಒಂದು ಮಾತು ಬಂತು, ಹಿಂದೆಯೇ ಜನರ ಗದ್ದಲ, ಆಮೇಲೆ ಬರೀ ಗೊರಗೊರ.

ಹೊರಡುವುದೆಂದರೆ ಬೀದಿಯಲ್ಲಿ ನಿಂತ ಜೀಪಿಗೆ ಹಾರುವುದಲ್ಲವಲ್ಲ. ಅಕ್ಕ ಒಳಗೆ ಓಡಿ ಕಂಬಳಿ ತಂದಳು, ನೀರು ತುಂಬಿದಳು, ಔಷಧಿ ಡಬ್ಬಿ ಹುಡುಕಿದಳು, ಸಿಗದೆ ಮತ್ತೆ ಹುಡುಕಿದಳು. ಮೂರು ದಿನದಿಂದ ಮರಗಟ್ಟಿದ್ದ ಕಾಲಿಗೆ ಚಕ್ರ ಬಂದಂತಾಗಿತ್ತು. ಒಂದು ಕಡೆ ನಗು, ಒಂದು ಕಡೆ ಅಳು, ಬಾಯಲ್ಲಿ ತಮ್ಮನಿಗೆ ಬೈಗುಳ. ಬರಲಿ ಮನೆಗೆ, ಅವನ ಕಾಲು ಮುರಿದು ಕೂರಿಸುತ್ತೇನೆ, ಇನ್ನು ಸೈಕಲ್ ಮುಟ್ಟಿದರೆ ಕೇಳಿ ಎನ್ನುತ್ತಿದ್ದಳು. ಅದನ್ನೆಲ್ಲ ಜೀಪಿಗೆ ಹೇರುವ ಹೊತ್ತಿಗೆ ಎಂಟು ಹತ್ತು ನಿಮಿಷ ಕಳೆದಿತ್ತು.

ಇನ್ಸ್‌ಪೆಕ್ಟರ್ ಜೀಪಿನ ಬಾಗಿಲಿಗೆ ಕೈ ಹಾಕಿದ್ದಳು. ಆಗ ವೈರ್‌ಲೆಸ್ ಮತ್ತೆ ಕೆಮ್ಮಿತು.

“ಮೇಡಂ, ಹೆಡ್ಡು ಮಾತಾಡ್ತಿರೋದು.” ಅವನ ದನಿ ತಗ್ಗಿಹೋಗಿತ್ತು. “ಇಲ್ಲೊಂದು ಹೆಣ ಸಿಕ್ಕಿದೆ.”

ಅಕ್ಕನ ಕೈಯಿಂದ ನೀರಿನ ಕ್ಯಾನು ಜಾರಿತು. ಯಾವ ಹೆಣ, ಯಾರದು ಎಂದು ಇನ್ಸ್‌ಪೆಕ್ಟರ್ ಕೇಳುವ ಮೊದಲೇ ಅವಳು ಹತ್ತಿರ ಬಂದು ವೈರ್‌ಲೆಸ್ಸಿಗೆ ಕಿವಿ ಕೊಟ್ಟು ನಿಂತಳು. ಮುಖದಲ್ಲಿ ರಕ್ತವೇ ಇರಲಿಲ್ಲ.

ಜಲ್ಲಿಯದಲ್ಲ ಎಂದ ಹೆಡ್ಡಣ್ಣ. ತಲೆ ಪೂರ್ತಿ ನರೆತ ಮುದುಕ, ಸತ್ತು ತಿಂಗಳ ಮೇಲಾಗಿರಬೇಕು. ಸೈಕಲ್ ಸಿಕ್ಕ ಜಾಗದಿಂದ ನಾಲ್ಕೇ ಮಾರು ಕೆಳಗೆ, ಕಲ್ಲು ಒಟ್ಟಿ ಮುಚ್ಚಿದ್ದರು. ಹೊರಡಿ ಎಂದು ಆದೇಶ ಬಂದಾಗ ಕೊನೆಯ ಕಲ್ಲು ಸರಿಸುತ್ತಿದ್ದವನ ಕೈಗೆ ಮೊದಲು ಸಿಕ್ಕಿದ್ದು ಒಂದು ಬೂಟು. ಬಿದ್ದು ಸತ್ತದ್ದಲ್ಲ, ತಲೆಬುರುಡೆಯ ಹಿಂಭಾಗ ಒಡೆದಿದೆ.

ಅಕ್ಕನ ಉಸಿರು ಹೊರಗೆ ಬಂತು. ಇನ್ಸ್‌ಪೆಕ್ಟರ್‌ದು ಒಳಗೇ ಸಿಕ್ಕಿಕೊಂಡಿತು.

ಜಲ್ಲಿ ದಾರಿ ತಪ್ಪಿಸಲು ಸೈಕಲ್ ಹಾಕಿಸಿರಲಿಲ್ಲ. ದಾರಿ ತೋರಿಸಲು ಹಾಕಿಸಿದ್ದ. ನಲವತ್ತು ಮಂದಿ ಬಂದು ಅದೇ ಕೊರಕಲನ್ನು ಅಗೆಯಲಿ ಎಂದು, ಆ ಹೆಣ ಎಲ್ಲರ ಕಣ್ಣೆದುರಿಗೆ ಹೊರಗೆ ಬರಲಿ ಎಂದು. ಹಾಗಾದರೆ ಬಾಯಿಬಿಟ್ಟು ಯಾಕೆ ಹೇಳಲಿಲ್ಲ?

ಅವಳು ನಿಧಾನವಾಗಿ ಗಂಡನ ಕಡೆ ತಿರುಗಿದಳು. ಜಲ್ಲಿ ಹೇಳಿದ ಆ ಇನ್ನೊಂದು ಮಾತು ಏನೆಂದು ಕೇಳಿದಳು.

“ಪೊಲೀಸರಿಗೆ ನೇರ ಹೇಳಿಬಿಡು ಅಂದೆ ಮೇಡಂ ನಾನು. ಸ್ಟೇಷನ್ ಮೆಟ್ಲು ಹತ್ತೋಕೆ ಅವನು ನನ್ನನ್ನ ಬಿಡಲ್ಲ ಅಂದ. ಆ ಕೊರಕಲಲ್ಲಿ ಸಿಗಬೇಕಾದ್ದು ಸಿಗೋ ತನಕ ನಾನು ಸತ್ತಿದೀನಿ ಅಂತಲೇ ಇರಲಿ ಅಂದ.” ಗಂಡ ಎಂಜಲು ನುಂಗಿದ. “ಅವನು ಅಂದ್ರೆ ಯಾರಪ್ಪಾ ಅಂತ ಕೇಳಿದೆ. ಹೆಸರು ಹೇಳಲಿಲ್ಲ. ನನ್ನ ಹುಡುಕೋಕೆ ಬರೋರಲ್ಲಿ ಅವನೂ ಇರ್ತಾನೆ ಅಂದ.”

ಇನ್ಸ್‌ಪೆಕ್ಟರ್ ಮತ್ತೆ ಗುಂಡಿ ಒತ್ತಿದಳು.

“ಹೆಡ್ಡಣ್ಣ, ನಾನು ಆಗ ಹೇಳಿದ್ದು ನಿಮ್ಮೊಬ್ಬರಿಗೇ ಕೇಳಿಸ್ತಾ?”

ಅವನು ತಡವರಿಸಿದ. ಇಲ್ಲ ಮೇಡಂ, ದನಿ ಜೋರಾಗೇ ಇ‌ಟ್ಟಿದ್ದೆ, ಸುತ್ತ ಇದ್ದವರೆಲ್ಲ ಕೇಳಿಸಿಕೊಂಡರು ಎಂದ. ಬದುಕಿದ್ದಾನೆ ಎಂದು ತಿಳಿದು ಚಪ್ಪಾಳೆ ತಟ್ಟಿದರಂತೆ. ಕೆಲವರು ಕಣ್ಣೀರೂ ಹಾಕಿದರಂತೆ. ಹೆಣ ಸಿಕ್ಕಿದ್ದರಿಂದ ಯಾರನ್ನೂ ಕದಲದಂತೆ ತಾನು ನಿಲ್ಲಿಸಿದ್ದೇನೆ ಎಂದ.

“ಎಲ್ಲರೂ ಇದಾರಾ? ಎಣಿಸಿ.”

ವೈರ್‌ಲೆಸ್ ಗುರ್ರೆನ್ನುತ್ತಲೇ ಇತ್ತು. ಅಕ್ಕ, ಗಂಡ ಇಬ್ಬರೂ ಆ ಪುಟ್ಟ ಡಬ್ಬಿಯನ್ನೇ ನೋಡುತ್ತ ನಿಂತಿದ್ದರು. ಬೀದಿಯಲ್ಲಿ ಯಾವುದೋ ಅಂಗಡಿಯ ಷಟರ್ ಎಳೆದ ಸದ್ದಾಯಿತು. ಗುಡ್ಡದ ನೆತ್ತಿಯ ಮೇಲೆ ಮೋಡ ಇಳಿಯತೊಡಗಿತ್ತು.

“ಮೇಡಂ.” ಹೆಡ್ಡಣ್ಣನ ದನಿ ಬದಲಾಗಿತ್ತು. “ಜನ ಎಲ್ಲೆಲ್ಲೋ ಚದುರಿದಾರೆ, ಲೆಕ್ಕ ಸಿಗ್ತಿಲ್ಲ. ಜೀಪೆಲ್ಲ ಇಲ್ಲೇ ಇವೆ. ಕ್ಲಬ್ಬಿನೋರ ಸೈಕಲ್ ರಸ್ತೆ ಬದೀಲಿ ಒರಗಿಸಿದ್ರು, ಇಪ್ಪತ್ತಿದ್ವು. ಈಗ ಹತ್ತೊಂಬತ್ತಿವೆ. ಯಾರು ತಗೊಂಡು ಹೋದ್ರು ಅಂತ ಯಾರೂ ನೋಡಿಲ್ಲ.”

ಕ್ವಾರಿಗೆ ಎಷ್ಟು ದೂರ ಎಂದು ಇನ್ಸ್‌ಪೆಕ್ಟರ್ ಯಾರನ್ನೂ ನೋಡದೆ ಕೇಳಿದಳು.

“ಇಲ್ಲಿಂದ ಗುಡ್ಡ ಬಳಸಿ ಹೋಗ್ಬೇಕು, ಜೀಪಿಗೆ ಮುಕ್ಕಾಲು ಗಂಟೆ,” ಅಂದಳು ಅಕ್ಕ. ಕಂಬಳಿ ಎದೆಗವಚಿಕೊಂಡಿದ್ದಳು. “ಹನ್ನೊಂದನೇ ತಿರುವಿನಿಂದ ಕಾಡೊಳಗೇ ಒಂದು ಜಲ್ಲಿ ಹಾದಿ ಇಳಿಯುತ್ತೆ, ಜೀಪು ಹಿಡಿಸಲ್ಲ. ಸೈಕಲ್ಲಿಗೆ ಹದಿನೈದು ನಿಮಿಷ. ಕ್ಲಬ್ಬಿನೋರಿಗೆಲ್ಲ ಆ ದಾರಿ ಬಾಯಿಪಾಠ ಮೇಡಂ. ನನ್ನ ತಮ್ಮನೇ ಬರೆದುಕೊಟ್ಟಿದ್ದು.”

ಇನ್ಸ್‌ಪೆಕ್ಟರ್ ಕೈಗಡಿಯಾರ ನೋಡಿಕೊಂಡಳು. ತಾನು ಆ ಆದೇಶ ಕೊಟ್ಟು ಆಗಲೇ ಹದಿಮೂರು ನಿಮಿಷವಾಗಿತ್ತು.